ಫ್ರೀ ಸಾರ್, ಪೂರ್ತಿ ಫ್ರೀ!

ಪುಕ್ಕಟೆ ಅಂದರೆ ನಮ್ಮ ಕಿವಿ ನೆಟ್ಟಗಾಗುತ್ತದೆ, ಷರತ್ತು ಅಂದರೆ ಅದೇ ಕಿವಿ ಮಂದವಾಗುತ್ತದೆ. ಯಾವುದೇ ಸಣ್ಣ ಸಾಫ್ಟ್‌ವೇರ್ ಕಂಪನಿಯ ಯಜಮಾನರನ್ನು ಕೇಳಿ ನೋಡಿ. ಡೇಟಾಬೇಸ್ ಯಾವುದು? ‘ಮೈಎಸ್‌ಕ್ಯೂಎಲ್.’ ಎಷ್ಟು ಕೊಟ್ರಿ? ‘ಫ್ರೀ ಸಾರ್, ಪೂರ್ತಿ ಫ್ರೀ!’ ಲೈಸೆನ್ಸ್ ಓದಿದ್ರಾ? ಅಷ್ಟರಲ್ಲಿ ಅವರಿಗೆ ಎಲ್ಲಿಂದಲೋ ಅರ್ಜೆಂಟ್ ಫೋನ್ ಬಂದಿರುತ್ತದೆ.

ಮೈಎಸ್‌ಕ್ಯೂಎಲ್ 1995ರಲ್ಲಿ ಸ್ವೀಡನ್ನಿನ ಕಂಪನಿಯೊಂದರಲ್ಲಿ ಹುಟ್ಟಿದ ಕೂಸು. 2000ದಲ್ಲಿ ಅದನ್ನು ಜಿಪಿಎಲ್ ಎಂಬ ಲೈಸೆನ್ಸಿನಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಮಾಲನ್ನು ಪಕ್ಕದಲ್ಲೇ ದುಡ್ಡಿಗೂ ಮಾರಿದರು. ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ಕೊಳ್ಳುವ ಪೆದ್ದ ಯಾರು ಅಂತೀರಾ? ಪೆದ್ದರಲ್ಲ, ಲೈಸೆನ್ಸ್ ಓದಿದವರು.

ಜಿಪಿಎಲ್ ಅಂದರೆ ಪಕ್ಕದ ಮನೆಯಿಂದ ತಂದ ಹೆಪ್ಪು. ಹೆಪ್ಪಿಗೆ ಕಾಸು ಕೇಳುವವರಿಲ್ಲ. ಮನೆಯವರೇ ಉಣ್ಣುವುದಾದರೆ ಕೊಳಗಗಟ್ಟಲೆ ಮೊಸರು ಮಾಡಿಕೊಳ್ಳಿ, ಯಾರ ಅಪ್ಪಣೆಯೂ ಬೇಡ. ಆದರೆ ಆ ಪಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಡುವ ಹೊತ್ತಿಗೆ ನಿಮ್ಮ ಹಾಲೂ ಮೊಸರಾಗಿರುತ್ತದೆ. ಅಂದರೆ ಅದರೊಂದಿಗೆ ಬೆಸೆದ ನಿಮ್ಮ ಸ್ವಂತ ಕೋಡ್ ಕೂಡ ಜಿಪಿಎಲ್ ಆಗಬೇಕು, ಪಡೆದವನು ಕೇಳಿದರೆ ಸೋರ್ಸ್ ಕೊಡಬೇಕು. ಮಾರಬೇಡ ಅಂತ ಜಿಪಿಎಲ್ ಎಲ್ಲೂ ಹೇಳಿಲ್ಲ, ಮುಚ್ಚಿಡಬೇಡ ಅನ್ನುತ್ತದೆ ಅಷ್ಟೆ. ‘ನನ್ನ ಹಾಲು ಹಾಲಾಗಿಯೇ ಇರಲಿ’ ಅನ್ನುವವರಿಗಾಗಿಯೇ ಕಮರ್ಷಿಯಲ್ ಲೈಸೆನ್ಸ್.

ಮೆಡಿಕಲ್ ಶಾಪುಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದು ಮಾರುವ ಹುಡುಗನನ್ನು ನೋಡಿ. ಪೆನ್‌ಡ್ರೈವ್‌ನಲ್ಲಿ ಒಂದೇ ಸೆಟಪ್ ಫೈಲ್. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ಫಿನಿಶ್. ಡೇಟಾಬೇಸೂ ಅದರ ಹೊಟ್ಟೆಯೊಳಗೇ. ಕಾಯಿದೆ ಗೊತ್ತಿದ್ದವರು ಯಾರೋ ಹೆದರಿಸಿದ ಮೇಲೆ ಅವನ ವರಸೆ ಬದಲಾಗುತ್ತದೆ: ‘ಅಂಕಲ್, ಡೇಟಾಬೇಸ್ ನೀವೇ ಡೌನ್‌ಲೋಡ್ ಮಾಡ್ಕೊಳ್ಳಿ, ಅದಕ್ಕೂ ನನಗೂ ಸಂಬಂಧ ಇಲ್ಲ.’ ಸಂಬಂಧ ಇದೆಯೋ ಇಲ್ಲವೋ ಅನ್ನುವುದರ ಮೇಲೆ ವಕೀಲರ ಮನೆಗಳು ಚೆನ್ನಾಗಿಯೇ ನಡೆಯುತ್ತಿವೆ.

‘ನಾವು ಯಾರಿಗೂ ಏನೂ ಕೊಡಲ್ಲ, ನಮ್ಮ ಸರ್ವರ್‌ನಲ್ಲೇ ಓಡಿಸ್ತೀವಿ’ ಎನ್ನುವ ಜಾಣರೂ ಇದ್ದಾರೆ. ಜಿಪಿಎಲ್ ಮಟ್ಟಿಗೆ ಅವರು ಬಚಾವ್. ಇವರನ್ನು ಹಿಡಿಯಲೆಂದೇ ಎಜಿಪಿಎಲ್ ಬಂತು: ಪ್ರೋಗ್ರಾಮನ್ನು ತಿದ್ದಿ ನೆಟ್‌ನಲ್ಲಿ ಜನರ ಬಳಕೆಗೆ ಬಿಟ್ಟರೆ, ಆ ಜನಕ್ಕೂ ತಿದ್ದಿದ ಸೋರ್ಸ್ ಸಿಗಬೇಕು. ಮೊಂಗೋಡಿಬಿ ಎಂಬ ಡೇಟಾಬೇಸ್ ಇದೇ ಲೈಸೆನ್ಸಿನಲ್ಲಿತ್ತು. ದೊಡ್ಡ ಕ್ಲೌಡ್ ಕಂಪನಿಗಳು ತನ್ನನ್ನೇ ಬಾಡಿಗೆಗೆ ಬಿಟ್ಟು ದುಡ್ಡು ಎಣಿಸಿಯಾವು ಎಂಬ ಸಂಕಟಕ್ಕೆ 2018ರ ಅಕ್ಟೋಬರ್‌ನಲ್ಲಿ ಎಸ್‌ಎಸ್‌ಪಿಎಲ್ ಎಂಬ ಲೈಸೆನ್ಸಿಗೆ ಹಾರಿತು. ಡೇಟಾಬೇಸನ್ನೇ ಸೇವೆಯಾಗಿ ಮಾರುವವರು ಸುತ್ತಮುತ್ತಲಿನ ಬ್ಯಾಕಪ್, ಮಾನಿಟರಿಂಗ್ ಸಾಫ್ಟ್‌ವೇರ್ ಸಮೇತ ಬಯಲಿಗಿಡಬೇಕಂತೆ! ಇದನ್ನು ಓಪನ್ ಸೋರ್ಸ್ ಅಂತ ಓಪನ್ ಸೋರ್ಸ್ ಇನಿಷಿಯೇಟಿವ್ ಒಪ್ಪಲೇ ಇಲ್ಲ. ರೆಡಿಸ್ ಎಂಬ ಇನ್ನೊಂದು ಡೇಟಾಬೇಸ್ ಕೂಡ 2024ರ ಮಾರ್ಚ್‌ನಲ್ಲಿ ಹೀಗೇ ಬಾಗಿಲು ಎಳೆದುಕೊಂಡಿತು. ತಿಂಗಳು ತುಂಬುವುದರೊಳಗೆ ‘ವಾಲ್ಕಿ’ ಎಂಬ ಬೇರೆ ಒಲೆ ಹೊತ್ತಿತು. ಮರುವರ್ಷ ರೆಡಿಸ್ ಎಜಿಪಿಎಲ್ ಹಿಡಿದು ಮರಳಿತು. ಸಿಟ್ಟು ಮಾಡಿಕೊಂಡು ಹೋದವರು ಊಟದ ಹೊತ್ತಿಗೆ ಬರುವುದು ಹೊಸದೇನಲ್ಲ ಬಿಡಿ.

ಹಾಗಾಗಿ ‘ಇದಕ್ಕೆಷ್ಟು?’ ಅನ್ನುವ ಪ್ರಶ್ನೆ ಆಮೇಲೆ ಕೇಳಿ. ‘ಯಾರ ಕೈಗೆ ಕೊಡ್ತೀನಿ, ಏನನ್ನು ಮುಚ್ಚಿಡ್ತೀನಿ?’ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಇದ್ಯಾವ ತಾಪತ್ರಯವೂ ಬೇಡವೆಂದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದೆ. ಕಾಪಿರೈಟ್ ಸೂಚನೆಯನ್ನು ಉಳಿಸಿಕೊಂಡರೆ ಸಾಕು, ಮಾರಿ, ಮುಚ್ಚಿ, ಏನಾದರೂ ಮಾಡಿ.

ಇನ್ನೂ ಉದಾರಿ ಬೇಕೆ? ನಿಮ್ಮ ಮೊಬೈಲಿನಲ್ಲೇ ಕೂತಿರುವ ಎಸ್‌ಕ್ಯೂಲೈಟ್. ಅದನ್ನು ಕಟ್ಟಿದ ರಿಚರ್ಡ್ ಹಿಪ್ ಹಕ್ಕನ್ನೇ ಬಿಟ್ಟುಕೊಟ್ಟು, ಕೋಡಿನ ತಲೆಯಲ್ಲಿ ಕಾಪಿರೈಟ್ ಬದಲು ಆಶೀರ್ವಾದ ಬರೆದಿದ್ದಾರೆ. ಆದರೂ ಕೆಲವು ಕಂಪನಿಗಳ ಲೀಗಲ್ ವಿಭಾಗದವರಿಗೆ ನಿದ್ದೆ ಬರುವುದಿಲ್ಲ: ‘ಆಶೀರ್ವಾದ ಸರಿ, ಕಾಗದ ಎಲ್ಲಿ?’ ಹಿಪ್ ಅವರ ಕಂಪನಿ ಏನು ಮಾಡೀತು? ಅಂಥವರಿಗಾಗಿಯೇ ಒಂದು ಲೈಸೆನ್ಸ್ ಮಾರುತ್ತದೆ. ದುಡ್ಡು ಕಟ್ಟಿದವರಿಗೆ ಬಳಸುವ ಹಕ್ಕು ನಮ್ಮನಿಮ್ಮಷ್ಟೇ. ಫೈಲಿಗೆ ಸೇರಿಸಲು ಒಂದು ಕಾಗದ ಮಾತ್ರ ಹೆಚ್ಚು.