ಬಾಲ್ಸಾ ಭಾವನವರು

ಹವ್ಯಾಸಕ್ಕಾಗಿ ಮಾದರಿ ವಿಮಾನ ಕಟ್ಟುವವರಲ್ಲಿ ಎರಡು ಪಂಗಡಗಳುಂಟು. ತಾನು ಕಟ್ಟಿದ್ದು ಹಾರಲೇಬೇಕೆಂದು ಬಯಸುವವನು ಮೊದಲನೆಯ ಪಂಗಡದವನು; ಅವನ ವಿಮಾನ ಯಾವುದಾದರೊಂದು ಭಾನುವಾರ ಬೆಳಿಗ್ಗೆ ಮೈದಾನದ ಮೇಲೇರಿ, ಮರಕ್ಕೆ ಸಿಕ್ಕಿಯೋ ನೆಲಕ್ಕೆ ಬಡಿದೋ ಚೂರಾಗುವುದರಿಂದ ಅವನ ಮನೆಯವರಿಗೆ ಆಗಾಗ ಬಿಡುವು ದೊರೆಯುತ್ತದೆ. ಎರಡನೆಯ ಪಂಗಡದವನು ಕಟ್ಟುವುದು ನೋಟಕ್ಕೆ ಮಾತ್ರ. ಗಾಜಿನ ಕಪಾಟಿನಲ್ಲಿ ನಿಲ್ಲಬೇಕಾದ ಅವನ ಯುದ್ಧವಿಮಾನ ಎಂದೂ ಹಾರುವುದಿಲ್ಲವಾದ್ದರಿಂದ ಎಂದೂ ಮುರಿಯುವುದಿಲ್ಲ. ಈ ಪಂಗಡವನ್ನು ಹತ್ತಿರದಿಂದ ಬಲ್ಲವರು ದೃಢಪಡಿಸುವಂತೆ, ಎಂದೂ ಮುಗಿಯುವುದೂ ಇಲ್ಲ. ಪ್ರಸ್ತುತ ಬರಹದ ವಸ್ತು ಈ ಎರಡನೆಯವನು.

ಇವನು ಬಳಸುವುದು ಬಾಲ್ಸಾ ಮರ. ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಹೆಚ್ಚಾಗಿ ಸರಬರಾಜಾಗುವ, ನಮ್ಮ ಬೂರುಗದ ಬಳಗಕ್ಕೇ ಸೇರಿದ, ನೆಟ್ಟ ಕೆಲವೇ ವರ್ಷಗಳಲ್ಲಿ ಕಡಿಯಲು ಬರುವಷ್ಟು ಬೆಳೆದುಬಿಡುವ ಈ ಮರ ಘನಮೀಟರಿಗೆ ಸುಮಾರು 160 ಕಿಲೋ ಮಾತ್ರ ತೂಗುತ್ತದೆ; ತೇಗ ಇದರ ನಾಲ್ಕು ಪಟ್ಟು ಭಾರ. ನಾರ್ವೆಯ ಥೋರ್ ಹೆಯರ್ಡಾಲ್ 1947ರಲ್ಲಿ ಪೆಸಿಫಿಕ್ ಸಾಗರವನ್ನು ದಾಟಿದ ಕಾನ್‌ಟಿಕಿ ತೆಪ್ಪ ಇದರ ದಿಮ್ಮಿಗಳದ್ದು. ಹೀಗೆ ಹಗುರವೆಂಬ ಗುಣಕ್ಕಾಗಿ ಲೋಕಪ್ರಸಿದ್ಧವಾದ ಮರವನ್ನು, ಕಪಾಟು ಬಿಟ್ಟು ಕದಲದ ವಸ್ತುವೊಂದಕ್ಕೆ ಆರಿಸಿಕೊಳ್ಳುವುದೇಕೆ ಎಂದು ಯಾರಾದರೂ ಕೇಳಿದರೆ ಮಾದರಿಕಾರನಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕಾರಣವೂ ಇದೆ: ಮೂಗಿನಡಿ ಒಂದು ಚಕ್ರ, ಅದರ ಹಿಂದೆ ಎರಡು ಚಕ್ರ ಇರುವ ವಿಮಾನದ ಮಾದರಿ ಹಿಂಭಾರ ಹೆಚ್ಚಾದರೆ ಮೂಗೆತ್ತಿ ಬಾಲದ ಮೇಲೆ ಕೂತುಬಿಡುವುದರಿಂದ, ಜಗತ್ತಿನ ಅತಿ ಹಗುರ ಮರಗಳಲ್ಲೊಂದನ್ನು ತಿಂಗಳುಗಟ್ಟಲೆ ಹುಡುಕಿ ತರಿಸಿದ ಅದೇ ಮನುಷ್ಯ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನೂ ಹುಡುಕಿ ತಂದು ಮೂಗಿನೊಳಗೆ ತುಂಬಬೇಕಾಗುತ್ತದೆ.

‘ಮರದ ಆಟಿಕೆ’ ಎಂಬ ಮಾತು ಇವನ ಮುಂದೆ ಬಾಯಿಂದ ಬೀಳಬಾರದು. ಬಿದ್ದರೆ, ಎರಡನೆಯ ಮಹಾಯುದ್ಧದ ಬ್ರಿಟಿಷ್ ವಿಮಾನ ಮೊಸ್ಕಿಟೊದ ಒಡಲು ಬರ್ಚ್ ಮರದ ಪ್ಲೈವುಡ್ ಹಾಳೆಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದೆಂದೂ, 1940ರ ನವೆಂಬರಿನಲ್ಲಿ ಮೊದಲು ಹಾರಿದ ಆ ವಿಮಾನ ಅಂದಿನ ಅತಿ ವೇಗದ ವಿಮಾನಗಳಲ್ಲಿ ಒಂದಾಗಿತ್ತೆಂದೂ ಕೇಳಿಸಿಕೊಳ್ಳಬೇಕಾಗುತ್ತದೆ. ಅದೇ ಮೊಸ್ಕಿಟೊ 1944ರಲ್ಲಿ ಭಾರತದ ಸೆಕೆಯಲ್ಲಿ, ತೇವದಲ್ಲಿ ಅಂಟು ಬಿಟ್ಟುಕೊಂಡು ಅಪಘಾತಗಳಿಗೆ ಈಡಾದದ್ದೂ ಇವನಿಗೆ ಗೊತ್ತು. ಆದರೆ ಆ ಸಂಗತಿಯನ್ನು ಇವನು ಕಾದಿಟ್ಟುಕೊಂಡಿರುವುದು, ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕೆಲಸ ಯಾಕೆ ಮುಂದೆ ಸಾಗಲಿಲ್ಲವೆಂದು ಹೆಂಡತಿ ಕೇಳುವ ಸಂದರ್ಭಕ್ಕಾಗಿ.

ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಮೊದಲು ನಕ್ಷೆಯ ಮೇಲೆ ಅಸ್ಥಿಪಂಜರ ಏಳುತ್ತದೆ. ಒಡಲಿನ ಅಡ್ಡಸೀಳಿನ ಆಕಾರದ ಚೌಕಟ್ಟುಗಳಿಗೆ ಫಾರ್ಮರ್ ಎಂದೂ, ರೆಕ್ಕೆಯ ಪಕ್ಕೆಲುಬುಗಳಿಗೆ ರಿಬ್ ಎಂದೂ ಹೆಸರು. ದಿಮ್ಮಿಯನ್ನು ಯಾವ ದಿಕ್ಕಿನಲ್ಲಿ ಕೊಯ್ದರೆಂಬುದರ ಮೇಲೆ ಬಾಲ್ಸಾ ಹಲಗೆಯ ಗುಣ ಬೇರೆಯಾಗುತ್ತದೆ: ಎ-ಗ್ರೇನ್ ಎಂಬುದು ಸುಲಭವಾಗಿ ಬಾಗುವುದರಿಂದ ಮೈ ಹೊದಿಸಲು ತಕ್ಕದ್ದು, ಸಿ-ಗ್ರೇನ್ ಎಂಬುದು ಬಿರುಸಾಗಿ ನಿಲ್ಲುವುದರಿಂದ ಪಕ್ಕೆಲುಬಿಗೆ ತಕ್ಕದ್ದು. ಕೊಯ್ಯಲು ಮೆಡಿಕಲ್ ಶಾಪಿನಲ್ಲಿ ಸಿಗುವ ಹನ್ನೊಂದನೇ ನಂಬರಿನ ಸರ್ಜಿಕಲ್ ಬ್ಲೇಡ್, ಬಾಗಿಸಲು ಅಮೋನಿಯಾ ಬೆರೆಸಿದ ನೀರು, ನಯಗೊಳಿಸಲು ಒರಟಿನಿಂದ ನುಣುಪಿನವರೆಗೆ ನಾನಾ ನಂಬರಿನ ಉಪ್ಪುಕಾಗದ. ಮೈಮೇಲಿನ ಸಣ್ಣ ರಂಧ್ರಗಳನ್ನು ಮುಚ್ಚಲು ಡೋಪ್ ಎಂಬ ದ್ರಾವಣಕ್ಕೆ (ಹಿಂದಿನ ಕಾಲದಲ್ಲಿ ಬಟ್ಟೆ ಹೊದಿಸಿದ ವಿಮಾನಗಳ ಮೈ ಬಿಗಿಯಲು ಬಳಿಯುತ್ತಿದ್ದ ಘಾಟು ವಾಸನೆಯ ವಾರ್ನಿಶ್ ಇದು) ಟಾಲ್ಕಂ ಪೌಡರ್ ಕಲಸಿ ಬಳಿಯುವುದು ಹಳೆಯ, ಒಳ್ಳೆಯ ಉಪಾಯ. ಸಂಸಾರಗಳಲ್ಲಿ ಸ್ನಾನದ ಮನೆಯ ಪೌಡರ್ ಡಬ್ಬಿ ಬೇಗ ಖಾಲಿಯಾಗುವುದಕ್ಕೆ ಬೇರೆ ಕಾರಣಗಳನ್ನು ಊಹಿಸಿ ಮನಸ್ತಾಪ ಬೆಳೆಸಿಕೊಳ್ಳುವ ಮೊದಲು ಗೃಹಿಣಿಯರು ಈ ಸಾಧ್ಯತೆಯನ್ನೂ ಪರಿಶೀಲಿಸುವುದು ಒಳ್ಳೆಯದು.

ಈ ವಿವರಗಳು ಗ್ರಂಥಾಲಯದಲ್ಲಿ ಕುಳಿತು ಸಂಗ್ರಹಿಸಿದವಲ್ಲವೆಂದು ಓದುಗರು ಇಷ್ಟರಲ್ಲಿ ಊಹಿಸಿರಬಹುದು. ಈ ಪಂಗಡದ ಉತ್ತಮ ಪ್ರತಿನಿಧಿಯೊಬ್ಬರು ಲೇಖಕನಿಗೆ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ. ಮನೆಯಲ್ಲಿ ಎಲ್ಲರಿಗೂ ಅವರು ಭಾವನವರು. ಬ್ಯಾಂಕಿನಿಂದ ನಿವೃತ್ತರಾಗಿ ಬೆಂಗಳೂರಿನ ಪೂರ್ವಭಾಗದಲ್ಲಿ ನೆಲೆಸಿರುವ ಇವರು, ಕಂಪನಿಗಳು ಪೆಟ್ಟಿಗೆಯಲ್ಲಿ ಕತ್ತರಿಸಿ ಕಳುಹಿಸುವ ಸ್ಪಿಟ್‌ಫೈರ್, ಮಸ್ಟಾಂಗ್‌ಗಳನ್ನು ಹಗುರವಾಗಿ ಕಂಡು, ಎಚ್‌ಎಎಲ್ ತಯಾರಿಸಿದ ಎಚ್‌ಎಫ್-24 ಮಾರುತ್ ವಿಮಾನವನ್ನೇ ಸ್ವಂತ ನಕ್ಷೆ ಬರೆದು ಕಟ್ಟಿದವರು. ಜರ್ಮನಿಯ ಫೋಕ್-ವುಲ್ಫ್ 190 ಅನ್ನು ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ರೂಪಿಸಿದ ಈ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲು ಹಾರಿತು. ಶಬ್ದದ ಎರಡು ಪಟ್ಟು ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಈ ಇತಿಹಾಸದಲ್ಲಿ ಭಾವನವರಿಗೆ ಅತ್ಯಂತ ಪ್ರಿಯವಾದದ್ದು 1959ರ ಸಂಗತಿ. ಜೆಟ್ ಕಟ್ಟುವ ಮುನ್ನ ಅದೇ ಅಳತೆಯ ಎಂಜಿನ್‌ರಹಿತ ಗ್ಲೈಡರೊಂದನ್ನು ಕಟ್ಟಿ, ಡಕೋಟಾ ವಿಮಾನಕ್ಕೆ ಹಗ್ಗ ಬಿಗಿದು ಮೇಲಕ್ಕೊಯ್ದು, ಹಾರಿಸಿ ನೋಡಿದ್ದರು, ಅದು ಮರದ್ದು. ‘ಅಸಲು ಮಾರುತ್ತೇ ಮೊದಲು ಮರದಲ್ಲಿ ಹುಟ್ಟಿದ್ದು ಕಣಯ್ಯ’ ಎಂದು ಅವರು ಹೇಳುವಾಗ ಬೀದಿಯ ಆ ತುದಿಯ ಮನೆಯವರಿಗೂ ಕೇಳಿಸುತ್ತದೆ. ಭಾವನವರ ಗಂಟಲು ಮೊದಲಿನಿಂದಲೂ ದೊಡ್ಡದು.

ಅಸಲು ವಿಮಾನದ ಉದ್ದ 15.87 ಮೀಟರ್. ಹದಿನಾರನೇ ಒಂದು ಪಾಲಿನ ಪ್ರಮಾಣದಲ್ಲಿ ಮಾದರಿಯ ಉದ್ದ ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಕಡಿಮೆ, ರೆಕ್ಕೆಗಳ ಅಗಲ ಐವತ್ತಾರು ಸೆಂಟಿಮೀಟರ್. ಮನೆಯಲ್ಲಿ ಊಟದ ಮೇಜೊಂದನ್ನು ಬಿಟ್ಟರೆ ಇಂಥದಕ್ಕೆ ಜಾಗವಿಲ್ಲ. ಆದ್ದರಿಂದ ಆ ಮನೆಯವರು ಬಹಳ ಕಾಲ ನೆಲದ ಮೇಲೆ ಕುಳಿತು ಊಟ ಮಾಡಿದರು, ಅದು ಆರೋಗ್ಯಕ್ಕೆ ಒಳ್ಳೆಯದೆಂಬ ಭಾವನವರ ಉಪನ್ಯಾಸವನ್ನೂ ಕೇಳಿದರು. ವಿಮಾನದ ಮೇಲಿನ ಪ್ರತಿ ರಿವೆಟ್ಟಿಗೆ, ಅಂದರೆ ಲೋಹದ ಹಾಳೆಗಳನ್ನು ಜೋಡಿಸುವ ಗುಂಡುತಲೆಯ ಮೊಳೆಗೆ, ಸಿರಿಂಜಿನಿಂದ ಫೆವಿಕಾಲಿನ ಒಂದೊಂದು ಹನಿ ಇಟ್ಟು ಒಣಗಿಸುವುದು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತ್‌ನ ಸುತ್ತ ಅಳತೆಪಟ್ಟಿ ಹಿಡಿದು ಸುತ್ತಿ ಕಾವಲುಗಾರನ ಸಂಶಯಕ್ಕೆ ಗುರಿಯಾಗುವುದು, 1971ರ ಹಸಿರು ಬಣ್ಣ ಎಷ್ಟು ಹಸಿರಾಗಿತ್ತೆಂಬ ಬಗ್ಗೆ ಸಮಾನ ವ್ಯಸನಿಗಳೊಡನೆ ಮಾತು ಬಿಡುವುದು ಇತ್ಯಾದಿ ಲಕ್ಷಣಗಳು ಈ ಪಂಗಡದ ಎಲ್ಲರಲ್ಲೂ ಕಾಣುವಂಥವು. ಇವನ್ನು ವಿಸ್ತರಿಸುವ ಅಗತ್ಯವಿಲ್ಲ.

ವಿಸ್ತರಿಸಬೇಕಾದದ್ದು ಕಾಕ್‌ಪಿಟ್ಟಿನ ವಿಷಯ. ಪೈಲಟ್ ಕೂರುವ ಆ ಗೂಡು ಮಾದರಿಯಲ್ಲಿ ಎರಡು ಬೆರಳು ಹೋಗುವಷ್ಟು ಜಾಗ. ಅದರೊಳಗೆ ಆಸನ, ಆಸನಕ್ಕೆ ಪಟ್ಟಿ, ಪಟ್ಟಿಗೆ ತಾಮ್ರದ ತಂತಿ ಬಗ್ಗಿಸಿದ ಬಕಲ್, ಎದುರಿನ ಫಲಕದಲ್ಲಿ ಗಡಿಯಾರಗಳ ಸಾಲು, ಒಂದೊಂದರ ಮೇಲೆ ಗಾಜಿನ ಭ್ರಮೆಗಾಗಿ ವಾರ್ನಿಶ್ಶಿನ ಒಂದೊಂದು ಹನಿ. ಇಷ್ಟೆಲ್ಲ ಮಾಡಿ, ಮೇಲೆ ಪಾರದರ್ಶಕ ಮುಚ್ಚಳವನ್ನು ಅಂಟಿಸಿ, ಚೌಕಟ್ಟಿಗೆ ಬಣ್ಣ ಬಳಿದ ಮೇಲೆ ಒಳಗೆ ಕಾಣುವುದು ಕತ್ತಲೆ. ಕಾಣದಂತೆ ಮುಚ್ಚುವುದಾಗಿದ್ದರೆ ಮಾಡಿದ್ದೇಕೆ, ಮಾಡಿದ ಮೇಲೆ ಮುಚ್ಚಿದ್ದೇಕೆ ಎಂಬ ಪ್ರಶ್ನೆಗೆ ಮಾದರಿಕಾರರು ಕೊಡುವ ಉತ್ತರ ಒಂದೇ: ಒಳಗೆ ಅದು ಇದೆ. ಅದು ಇದೆಯೆಂಬುದು ಬಂದವರಿಗೆಲ್ಲ ತಿಳಿಯಬೇಕಾದ್ದರಿಂದ ಭಾವನವರ ಮನೆಯಲ್ಲಿ ಪೆನ್ನಿನಷ್ಟೇ ಗಾತ್ರದ ಟಾರ್ಚೊಂದು ಸದಾ ಸಿದ್ಧವಾಗಿರುತ್ತದೆ, ಮತ್ತು ಅದನ್ನು ಸರಿಯಾದ ಕೋನದಲ್ಲಿ ಹಿಡಿಯುವ ಉದ್ಯೋಗವು ಹಳಗನ್ನಡ ಕಾವ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದಿರುವ ಷಡ್ಡಕನದು.

ಆ ಮನೆಯ ಸತ್ಯನಾರಾಯಣ ಪೂಜೆಯ ದಿನ ನಡೆದದ್ದನ್ನು ಇಲ್ಲಿ ದಾಖಲಿಸುವುದು ಉಚಿತ. ಮಂಗಳಾರತಿಯಾಗಿ ಪ್ರಸಾದ ಹಂಚುವುದರೊಳಗೆ ಭಾವನವರು ಬಂದವರನ್ನೆಲ್ಲ ಮೇಜಿನ ಕಡೆಗೆ ಸಾಲುಗಟ್ಟಿಸಿದರು. ಒಬ್ಬೊಬ್ಬರೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಟಾರ್ಚಿನ ಬೆಳಕು ಮುಚ್ಚಳದ ಮೇಲೆಯೇ ಥಳಥಳಿಸಿ ಕಣ್ಣಿಗೆ ಹೊಡೆಯುತ್ತಿರಲು, ‘ಕಾಣ್ತಾ?’ ಎಂಬ ಗರ್ಜನೆಗೆ ‘ಕಾಣ್ತು, ಕಾಣ್ತು’ ಎನ್ನುತ್ತ ಮುಂದೆ ಸರಿದರು; ಹಳೆಯ ದೇವಸ್ಥಾನದ ಗರ್ಭಗುಡಿಯ ಕತ್ತಲಲ್ಲಿ ಮೂರ್ತಿ ಕಾಣದಿದ್ದರೂ ಹಿಂದಿನವರ ನೂಕಿಗೆ ಕೈಮುಗಿದು ಹೊರಬರುವ ಭಕ್ತರಿಗಿಂತ ಅವರ ಸ್ಥಿತಿ ಬೇರೆಯಾಗಿರಲಿಲ್ಲ. ಪುರೋಹಿತರಾದ ಶಾಸ್ತ್ರಿಗಳು ಮಾತ್ರ ಸಜ್ಜನಿಕೆಯಿಂದ ಒಂದು ಕ್ಷಣ ಹೆಚ್ಚು ನಿಂತರು.

‘ಶಾಸ್ತ್ರಿಗಳೇ, ಆಲ್ಟಿಮೀಟರ್ ಎಷ್ಟು ತೋರಿಸ್ತಿದೆ, ಹೇಳಿ ನೋಡೋಣ?’ ಎಂದರು ಭಾವನವರು. ಆಲ್ಟಿಮೀಟರ್ ಎಂದರೆ ವಿಮಾನ ಎಷ್ಟು ಎತ್ತರದಲ್ಲಿದೆಯೆಂದು ತೋರಿಸುವ ಗಡಿಯಾರ. ಮಾದರಿಯಲ್ಲಿ ಅದರ ಅಗಲ ಐದು ಮಿಲಿಮೀಟರ್.

ಶಾಸ್ತ್ರಿಗಳು ತರ್ಕಬಲ್ಲವರು. ‘ನೆಲದ ಮೇಲೇ ನಿಂತಿದೆಯಲ್ಲ, ಸೊನ್ನೆ ಇರಬೇಕು.’

‘ಸೊನ್ನೆ ಇರೋದಕ್ಕೆ ಇದೇನು ಕಾರವಾರವೇ? ನೀವು ನಿಂತಿರೋದು ಬೆಂಗಳೂರಲ್ಲಿ!’

ಆ ಗಡಿಯಾರ ಅಳೆಯುವುದು ಸಮುದ್ರಮಟ್ಟದಿಂದ ಎತ್ತರವನ್ನೆಂದೂ, ಎಚ್‌ಎಎಲ್ ವಿಮಾನನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆಯೆಂದೂ, ಆದ್ದರಿಂದ ಇಲ್ಲಿ ನಿಂತ ವಿಮಾನದ ಮುಳ್ಳು ಅಲ್ಲಿಗೇ ಬಂದು ನಿಲ್ಲತಕ್ಕದ್ದೆಂದೂ, ಅದಕ್ಕಾಗಿ ತಾವು ಒಂದೇ ಕೂದಲಿನ ಕುಂಚದಿಂದ ಅದನ್ನು ಮೂರು ಸಲ ಅಳಿಸಿ ಬರೆದಿರುವರೆಂದೂ ಭಾವನವರು ವಿವರಿಸಿ ಮುಗಿಸುವ ಹೊತ್ತಿಗೆ, ಶಾಸ್ತ್ರಿಗಳ ಮುಂದಿನ ಪೂಜೆಯ ಮನೆಯಿಂದ ಎರಡು ಫೋನ್ ಬಂದಿದ್ದವು, ಸಪಾದಭಕ್ಷ್ಯ ಆರಿ ಗಟ್ಟಿಯಾಗಿತ್ತು. ಈ ನಡುವೆ, ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಕನ್ನಡಕ ಬಂದಿರದ ದೊಡ್ಡಮ್ಮನೊಬ್ಬರು ಸಾಲಿನಲ್ಲಿ ಮುಂದೆ ಬಂದು, ಎಲ್ಲರೂ ಬಗ್ಗುತ್ತಿರುವುದನ್ನು ಕಂಡು ತಾವೂ ಕೈಮುಗಿದು, ಬೆರಳಿಗೆ ಅಂಟಿದ್ದ ಕುಂಕುಮವನ್ನು ವಿಮಾನದ ಮೂಗಿಗೆ ಹಚ್ಚಿದರು. ಮ್ಯಾಟ್ ಬಣ್ಣ, ಅಂದರೆ ಹೊಳಪಿಲ್ಲದ ಬಣ್ಣ, ಕುಂಕುಮವನ್ನು ಒಳಕ್ಕೆ ಹೀರಿಕೊಳ್ಳುತ್ತದೆ, ಒರೆಸಿದರೆ ಹರಡುತ್ತದೆ, ಮೇಲಾಗಿ, ಸುಮಂಗಲಿ ಹಚ್ಚಿದ ಕುಂಕುಮವನ್ನು ಪೂಜೆಯ ದಿನ ಒರೆಸುವುದು ಸಾಧ್ಯವೇ? ಬೀದಿಗೆ ಕೇಳಿಸುವ ಆ ಗಂಟಲಿನಿಂದ ಮಧ್ಯಾಹ್ನವೆಲ್ಲ ಒಂದು ಸೊಲ್ಲೂ ಹೊರಡಲಿಲ್ಲ. ಷಡ್ಡಕನ ಮನಸ್ಸಿನಲ್ಲಿ ಆಗ ಮೂಡಿದ ಸಂತೋಷ ಶಾಸ್ತ್ರಸಮ್ಮತವಾದದ್ದಲ್ಲ. ಅದು ಉಳಿದದ್ದೂ ಕೆಲವೇ ದಿನ. ಆಯುಧಪೂಜೆಯಲ್ಲಿ ನಮ್ಮ ವಿಮಾನಗಳಿಗೂ ಕುಂಕುಮ ಹಚ್ಚುವುದುಂಟೆಂಬ ಆಧಾರದ ಮೇಲೆ, ಮುಂದಿನ ವಾರವೇ ಭಾವನವರು ಆ ಬೊಟ್ಟಿನ ಮೇಲೆ ವಾರ್ನಿಶ್ ಬಳಿದು, ಬಂದವರಿಗೆ ಅದನ್ನೂ ತೋರಿಸತೊಡಗಿದರು.

ಇಷ್ಟೆಲ್ಲ ಹಟ ಒಬ್ಬ ಬ್ಯಾಂಕಿನವರಲ್ಲಿ ಎಲ್ಲಿಂದ ಬಂತೆಂಬುದಕ್ಕೆ ವಿವರಣೆ ಅವರ ಹೆಂಡತಿಯಿಂದಲೇ ಸಿಗಬೇಕಾಯಿತು, ಏಕೆಂದರೆ ಕುಂಕುಮದಿಂದ ಕುರ್ಟ್ ಟ್ಯಾಂಕ್‌ವರೆಗೆ ಎಲ್ಲವನ್ನೂ ಗಟ್ಟಿಯಾಗಿ ಸಾರುವ ಭಾವನವರು ಈ ಒಂದನ್ನು ಹೇಳುವುದಿಲ್ಲ. ಅವರ ತಂದೆ ಎಚ್‌ಎಎಲ್‌ನಲ್ಲಿ ರಿವೆಟ್ ಹೊಡೆಯುವ ಕೆಲಸದಲ್ಲಿದ್ದವರು. ಆ ಕೆಲಸಕ್ಕೆ ಇಬ್ಬರು ಬೇಕು: ಹೊರಗೆ ನಿಂತವನು ಗಾಳಿಯೊತ್ತಡದ ಗನ್ ಹಿಡಿದು ಹೊಡೆಯುತ್ತಾನೆ, ಒಳಗಿನವನು ಅದೇ ಜಾಗಕ್ಕೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು ರಿವೆಟ್ಟಿನ ಇನ್ನೊಂದು ತುದಿ ಚಪ್ಪಟೆಯಾಗುವಂತೆ ನೋಡಿಕೊಳ್ಳುತ್ತಾನೆ. ತೆಳ್ಳಗಿದ್ದ ತಂದೆಯವರಿಗೆ ವರ್ಷಗಟ್ಟಲೆ ಸಿಕ್ಕಿದ್ದು ಒಳಗಿನ ಜಾಗ. ಮಾರುತ್‌ನ ಒಡಲು ನಡುವಿನಲ್ಲಿ ಸೊಂಟದಂತೆ ಕಿರಿದಾಗುತ್ತದೆ (ಶಬ್ದದ ವೇಗದ ಹತ್ತಿರ ಗಾಳಿಯ ಎಳೆತವನ್ನು ತಗ್ಗಿಸಲು ಹೀಗೆ ಮಾಡುತ್ತಾರೆ), ಅಲ್ಲಿ ಮೈ ಮಡಚಿಕೊಂಡು ಕೂತು ಅವರು ಹಿಡಿದ ರಿವೆಟ್ಟುಗಳನ್ನು ತಪಾಸಣೆಯವರ ನಂತರ ಯಾರೂ ನೋಡಲಿಲ್ಲ. ತಗಡಿನೊಳಗಿನ ಆ ಸದ್ದಿಗೆ ಅವರ ಕಿವಿ ಬೇಗ ಮಂದವಾಯಿತು. ಊಟಕ್ಕೆ ಬನ್ನಿರೆಂದು ಕರೆಯಲೂ ಮಕ್ಕಳು ಕೂಗಬೇಕಾಗುತ್ತಿತ್ತು. ಭಾವನವರ ಗಂಟಲು ದೊಡ್ಡದಾದದ್ದು ಹಾಗೆ. ತರಬೇತಿ ವಿಮಾನಗಳೂ ಸೇರಿ ಒಟ್ಟು 147 ಮಾರುತ್‌ಗಳು ತಯಾರಾದವು, 1990ರ ಹೊತ್ತಿಗೆ ವಾಯುಪಡೆಯಿಂದ ಪೂರ್ತಿ ನಿವೃತ್ತವಾದವು. ತಂದೆಯವರು ಯಾವುದೊಂದರಲ್ಲೂ ಹಾರಲಿಲ್ಲ; ಎದುರು ನಿಂತು ಪಟ ತೆಗೆಸಿಕೊಂಡದ್ದೂ ಇಲ್ಲ.

ಇದನ್ನು ತಿಳಿದ ಮೇಲೆ ಟಾರ್ಚ್ ಹಿಡಿಯುವ ಕೆಲಸದ ಬೇಸರ ಕಡಿಮೆಯಾಯಿತೆಂದು ಹೇಳುವುದು ಸುಳ್ಳಾಗುತ್ತದೆ, ಬಗ್ಗಿದ ಸೊಂಟಕ್ಕೆ ಕಾರಣಗಳು ತಿಳಿಯುವುದಿಲ್ಲ. ಬೇರೆಯಾದದ್ದು ಇಷ್ಟೇ: ಟಾರ್ಚ್ ಹಿಡಿದವನು ಈಚೆಗೆ ಕೋನವನ್ನು ಸ್ವಲ್ಪ ಎಚ್ಚರದಿಂದ ಹೊಂದಿಸುತ್ತಾನೆ, ಎಡಗಡೆಯಿಂದ ಓರೆಯಾಗಿ ಹಿಡಿದರೆ ಮುಚ್ಚಳದ ಪ್ರತಿಫಲನ ತಪ್ಪಿ ಗಡಿಯಾರಗಳ ಮೇಲಿನ ಸಾಲು ನಿಜಕ್ಕೂ ಕಾಣುತ್ತದೆ.

ಮೇಜಿನ ಮೇಲಿನ ಮಾರುತ್ ಕೊನೆಗೂ ಕಪಾಟಿಗೆ ಸೇರುವ ದಿನ ಗೊತ್ತಾಗಿದೆ. ಅದರ ಜಾಗಕ್ಕೆ ಬರಲಿರುವುದು 1970ರಲ್ಲಿ ಮೊದಲು ಹಾರಿದ ಮಾರುತ್ ತರಬೇತಿ ವಿಮಾನ. ನಕ್ಷೆ ಆಗಲೇ ಸಿದ್ಧವಾಗಿದೆ, ಬಾಲ್ಸಾ ಹಲಗೆಗಳು ಬಂದು ಮಂಚದ ಕೆಳಗೆ ಕೂತಿವೆ. ‘ಇದಕ್ಕೂ ಅದಕ್ಕೂ ಏನ್ರೀ ವ್ಯತ್ಯಾಸ, ನೋಡೋಕೆ ಎರಡೂ ಒಂದೇ ಥರ ಇವೆಯಲ್ಲ?’ ಎಂದು ಅಕ್ಕ ಕೇಳಿದ್ದಕ್ಕೆ, ಅದರಲ್ಲಿ ಗುರು ಶಿಷ್ಯರಿಬ್ಬರಿಗೆ ಒಂದರ ಹಿಂದೊಂದು ಎರಡು ಕಾಕ್‌ಪಿಟ್ಟುಗಳಿವೆಯೆಂದು ಭಾವನವರು ಸಂಭ್ರಮದಿಂದ ಸಾರಿದರು, ಮತ್ತು ಷಡ್ಡಕನ ಕಡೆ ತಿರುಗಿ, ಬರುವಾಗ ಎಸ್.ಪಿ. ರಸ್ತೆಯಿಂದ ಇನ್ನೊಂದು ಟಾರ್ಚ್ ತರಲು ಹೇಳಿದರು.