ನಾಲವಾರ ಸೀಮೆಯ ಔಟ್‌ಬಾಕ್ಸ್ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಕ್ಕೆ ಕೈಹಾಕುವ ಮುನ್ನ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಶಹಾಬಾದಿನ ಫರಸಿ ವ್ಯಾಪಾರಿಯೊಬ್ಬರ ಡೆಸ್ಕ್‌ಟಾಪಿನ ಔಟ್‌ಬಾಕ್ಸಿನಲ್ಲಿ ಕುಳಿತು ಏಳದಿರುವ ಒಂದು ಮೇಲ್. ಪ್ರಯೋಜನ: ಕೊಟೇಷನ್ ಇವತ್ತೇ ಸೊಲ್ಲಾಪುರ ಮುಟ್ಟುವುದು. ಅಧಿಕಾರಿ: ಪಾಸ್‌ವರ್ಡ್ ನೆನಪಿರುವವರು ಯಾರಾದರೂ. ಸಂಬಂಧ: ಅದು ಕಡಿದುಹೋಗಿರುವುದರಿಂದಲೇ ಈ ಗ್ರಂಥ ಹುಟ್ಟಿದೆ.

ನಾಲವಾರ, ವಾಡಿ, ಚಿತ್ತಾಪುರದಿಂದ ಹಿಡಿದು ಸೇಡಂ, ಚಿಂಚೋಳಿಯವರೆಗೆ ಈ ವ್ಯಾಧಿಗೆ ‘ಮೇಲ್ ಹೋಗವಲ್ದು’ ಎಂದು ಹೆಸರು. ಇದರ ಉಪವ್ಯಾಧಿ ‘ಮೇಲ್ ಬರವಲ್ದು’. ಎರಡೂ ಕೂಡಿ ಬಂದರೆ ಸನ್ನಿಪಾತ.

ಪ್ರಾಚೀನತೆ

ಈ ಸೀಮೆಗೆ ಸಂದೇಶ ತಡವಾಗಿ ಮುಟ್ಟುವುದು ಹೊಸತಲ್ಲ. ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಭೀಮಾ ತೀರದ ಸನ್ನತಿಗೆ ಹೋದವರಿಗೆ ಇದು ಗೊತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೆತ್ತಿಸಿ ಕಳಿಸಿದ ಆಜ್ಞೆಯನ್ನು ನಂತರ ಯಾರೋ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ವಿಗ್ರಹಕ್ಕೆ ಪೀಠ ಮಾಡಿದರು. 1986ರಲ್ಲಿ ಚಾವಣಿ ಕುಸಿದ ಮೇಲೆಯೇ ಅದು ಲೋಕದ ಕಣ್ಣಿಗೆ ಬಿದ್ದದ್ದು. ಎರಡು ಸಾವಿರ ವರ್ಷದ ಮೇಲಾದರೂ ‘ತಲುಪಲಿಲ್ಲ’ ಎಂದು ಒಂದು ಬೌನ್ಸ್ ಕೂಡ ಪಾಟಲಿಪುತ್ರಕ್ಕೆ ಹೋಗಲಿಲ್ಲ.

ಅದೇ 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಎಂಬ ಮೇಲ್ ಓದುವ ಪದ್ಧತಿಯನ್ನು ರೂಪಿಸಿದರು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಸಾಧಿಸುವುದು ಈ ಪೀಠಿಕೆಯ ಆಸೆಯಾಗಿತ್ತು, ಪುರಾವೆ ಸಹಕರಿಸಲಿಲ್ಲ. ಆದರೆ ಸನ್ನತಿಯ ಕಲ್ಲಿನಲ್ಲಿರುವ 14ನೇ ಶಾಸನ ಗಮನಾರ್ಹ. ಕೆಲವು ಬರಹ ಸಂಕ್ಷಿಪ್ತ, ಕೆಲವು ಮಧ್ಯಮ, ಕೆಲವು ವಿಸ್ತಾರ. ಎಲ್ಲಾದರೂ ಅಪೂರ್ಣವಾಗಿದ್ದರೆ ಅದು ಲಿಪಿಕಾರನ ದೋಷವಿರಬಹುದು ಎಂಬುದು ಅದರ ತಾತ್ಪರ್ಯ. ತಪ್ಪನ್ನು ಮೊದಲೇ ಆಪರೇಟರನ ತಲೆಗೆ ಕಟ್ಟುವ ಆಡಳಿತ ಪರಂಪರೆ ಈ ಮಣ್ಣಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನದಲ್ಲಿ 11ನೇ ಶತಮಾನದಲ್ಲೇ ವೇದ, ಶಾಸ್ತ್ರ ಕಲಿಸುವವರಿದ್ದರು, ಗ್ರಂಥಭಂಡಾರ ಕಾಯುವವರಿದ್ದರು. ಪಾಸ್‌ವರ್ಡ್ ಮರೆತವರಿಗೆ ಪ್ರತ್ಯೇಕ ಆಚಾರ್ಯರಿದ್ದ ಬಗ್ಗೆ ಮಾತ್ರ ಶಾಸನ ಮೌನ.

ಪೂರ್ವಪಕ್ಷಗಳು

ರೋಗಕಾರಣದ ಬಗ್ಗೆ ಮೂರು ಮತಗಳಿವೆ.

ಮೊದಲನೆಯದು ಸರ್ವರ್‌ಡೌನ್‌ವಾದ. ‘ಸರ್ವರ್ ಡೌನ್ ಅದರೀ’ ಎಂಬುದೇ ಇದರ ಮಹಾವಾಕ್ಯ. ವಾಡಿ ಜಂಕ್ಷನ್ನಿನಲ್ಲಿ ಮಧ್ಯ ರೈಲ್ವೆಯ ಸರಹದ್ದು ಮುಗಿದು ಬೇರೆ ವಲಯದ್ದು ಶುರುವಾಗುವುದರಿಂದ, ಗಾಡಿ ತಡವಾದರೆ ತಪ್ಪು ಯಾವಾಗಲೂ ಆಚೆಯವರದ್ದೇ ಆಗಿರುತ್ತದಲ್ಲ, ಅದೇ ತರ್ಕ ಇಲ್ಲಿಯೂ. ಸರ್ವರ್ ಯಾವಾಗಲೂ ಆಚೆ ಕಡೆಯೇ ಇರುವುದರಿಂದ ಈ ವಾದವನ್ನು ಇದುವರೆಗೆ ಯಾರೂ ಖಂಡಿಸಿಲ್ಲ.

ಎರಡನೆಯವರು ಪುನರ್ಜನ್ಮವಾದಿಗಳು: ‘ಬಂದ್ ಮಾಡಿ ಚಾಲೂ ಮಾಡ್ರಿ’. ಹತ್ತಕ್ಕೆ ನಾಲ್ಕು ಸಲ ಇವರು ಗೆಲ್ಲುವುದರಿಂದ ಉಳಿದ ಆರು ಸಲವೂ ಅದನ್ನೇ ಮಾಡುತ್ತಾರೆ.

ಮೂರನೆಯದು ಅಳಿಯವಾದ: ‘ತಡೀರಿ, ಬೆಂಗಳೂರಾಗ ನಮ್ಮ ಅಳಿಯ ಅದಾನ.’ ಅಳಿಯ ಸಿವಿಲ್ ಎಂಜಿನಿಯರ್ ಎಂಬುದು ಈ ಮತದವರಿಗೆ ಬಾಧಕವಲ್ಲ.

ಸಿದ್ಧಾಂತ

ಮೂರೂ ಮತಗಳಿಗೆ ಸಮಾನವಾದ ಒಂದು ಲೋಪವಿದೆ. ಪರದೆಯ ಮೇಲೆ ಬಂದ ಎರಡು ಸಾಲನ್ನು ಯಾರೂ ಓದುವುದಿಲ್ಲ. ಡಬ್ಬಿ ಮೂಡುತ್ತದೆ, ‘ಓಕೆ’ ಒತ್ತುತ್ತಾರೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ. ಸನ್ನತಿಯ ಕಲ್ಲಿಗೂ ಆದದ್ದು ಇದೇ: ಅಕ್ಷರ ಅಲ್ಲೇ ಇತ್ತು, ಕೈಮುಗಿದವರಿಗೆ ಕೊರತೆಯಿರಲಿಲ್ಲ. ಆದ್ದರಿಂದ ಸೂತ್ರಗಳು.

ಸೂತ್ರ 1: ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ.
ಭಾಷ್ಯ: ಮೇಲ್ ಬರುವುದು ಐಮ್ಯಾಪ್ ಆದರೆ 993, ಪಾಪ್ ಆದರೆ 995ನೇ ಪೋರ್ಟಿನಿಂದ. ಹೋಗುವುದು ಎಸ್‌ಎಂಟಿಪಿಯ 587 ಅಥವಾ 465ರಿಂದ. ಹಳೆಯ 25ನೇ ಪೋರ್ಟನ್ನು ಸ್ಪ್ಯಾಮ್ ಕಾಟಕ್ಕೆ ಅನೇಕ ಇಂಟರ್‌ನೆಟ್ ಕಂಪನಿಗಳು ಮುಚ್ಚಿವೆ. ಆದ್ದರಿಂದ ‘ಬರ್ತಾವ, ಆದ್ರ ಹೋಗವಲ್ವು’ ಎಂಬ ಲಕ್ಷಣ ಕಂಡರೆ ನೆಟ್ಟನ್ನು ಬೈಯದೆ ಔಟ್‌ಗೋಯಿಂಗ್ ಸೆಟ್ಟಿಂಗ್ ತೆರೆಯತಕ್ಕದ್ದು.

ಸೂತ್ರ 2: ಪಾಸ್‌ವರ್ಡ್ ಸರಿ, ಆದಾಗ್ಯೂ ತಪ್ಪು.
ಭಾಷ್ಯ: ಇದು ಅದ್ವೈತಿಗಳಿಗೂ ಕಠಿಣ. ಬ್ರೌಸರಿನಲ್ಲಿ ನಡೆಯುವ ಪಾಸ್‌ವರ್ಡ್ ಔಟ್‌ಲುಕ್‌ನಲ್ಲೋ ಥಂಡರ್‌ಬರ್ಡ್‌ನಲ್ಲೋ ನಡೆಯದು, 535 ಎಂಬ ಸಂಖ್ಯೆ ಬರುತ್ತದೆ. 2022ರಲ್ಲಿ ಗೂಗಲ್ಲೂ ಮೈಕ್ರೋಸಾಫ್ಟೂ ಬರೀ ಪಾಸ್‌ವರ್ಡ್ ನಂಬಿ ಹಳೆಯ ಪ್ರೋಗ್ರಾಮುಗಳನ್ನು ಒಳಗೆ ಬಿಡುವುದನ್ನು ಬಹುತೇಕ ನಿಲ್ಲಿಸಿದವು. ಜಿಮೇಲಿಗಾದರೆ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಹಾಕಬೇಕು. ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವುದು ಲೋಕಾಚಾರ, ಶಾಸ್ತ್ರಸಮ್ಮತವಲ್ಲ.

ಸೂತ್ರ 3: ಕಾಲ ಕೆಟ್ಟರೆ ಮೇಲೂ ಕೆಟ್ಟೀತು.
ಭಾಷ್ಯ: ಇದೇ ಈ ಸೀಮೆಯ ವಿಶೇಷ ರೋಗ. ವಾಡಿಯ ಸಾಗಾಣಿಕೆ ಆಫೀಸೊಂದನ್ನು ಕಲ್ಪಿಸಿಕೊಳ್ಳಿ. ಸಿಪಿಯು ಡಬ್ಬಿಯ ಜಾಲರಿಯಲ್ಲಿ ಸಿಮೆಂಟಿನ ಬೂದಿ ಬೆರಳು ದಪ್ಪ. ಹಿಂದಿನ ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂದಿದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ತಾರೀಖು 01-01-2009. ಮದರ್‌ಬೋರ್ಡಿನಲ್ಲಿರುವ ಗುಂಡನೆಯ ಸಿಆರ್ 2032 ಸೆಲ್ ಸತ್ತು, ಗಡಿಯಾರ ತನ್ನ ಹುಟ್ಟುಹಬ್ಬಕ್ಕೆ ಮರಳಿದೆ. ಸರ್ವರ್ ತನ್ನ ಪ್ರಮಾಣಪತ್ರ ತೋರಿಸಿದರೆ, ‘ಇದು ಇನ್ನೂ ಜಾರಿಗೇ ಬಂದಿಲ್ಲ’ ಎಂದು ಗಣಕ ಬಾಗಿಲು ಮುಚ್ಚುತ್ತದೆ. ಮೂವರು ಮತಾಚಾರ್ಯರೂ ಮೋಡೆಮ್ ಬಡಿಯುತ್ತಿರುವಾಗ, ವಾಚ್ ರಿಪೇರಿ ಅಂಗಡಿಯಿಂದ ಸೆಲ್ ತಂದು ಹಾಕಿ, ತಾರೀಖು ತಿದ್ದಿದರೆ ಅರ್ಧಕ್ಕರ್ಧ ಪಾಂಡಿತ್ಯ ಅನಗತ್ಯವಾಗುತ್ತದೆ.

ಸೂತ್ರ 4: ಭಾರವಾದದ್ದು ಏಳದು.
ಭಾಷ್ಯ: ಜಿಮೇಲಿನ ಮಿತಿ 25 ಎಂಬಿ. ಲಗತ್ತು ಹೊರಡುವಾಗ ಅಕ್ಷರರೂಪಕ್ಕೆ ತಿರುಗಿ ಮೂರರಲ್ಲಿ ಒಂದು ಪಾಲು ಊದಿಕೊಳ್ಳುತ್ತದೆ. ಪಾಲಿಷ್ ಮಾಡಿದ ಫರಸಿಯ ಫೋಟೊಗಳನ್ನು 22 ಎಂಬಿಗೆ ನಿಲ್ಲಿಸಿ ‘ಮೂರು ಉಳಿಸೀನಿ’ ಎಂದು ಬೀಗುವವರು ಗುಣಿಸಿ ನೋಡತಕ್ಕದ್ದು.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದವರ ಔಟ್‌ಬಾಕ್ಸ್ ಬರಿದಾಗುತ್ತದೆ, ಇನ್‌ಬಾಕ್ಸ್ ತುಂಬುತ್ತದೆ, ಅಳಿಯನಿಗೆ ಭಾನುವಾರದ ನಿದ್ದೆ ಲಭಿಸುತ್ತದೆ. ಡಬ್ಬಿಯ ಎರಡು ಸಾಲು ಓದಿ ನಂತರ ‘ಓಕೆ’ ಒತ್ತಿದವರು ಈ ಜನ್ಮದಲ್ಲೇ ಜೀವನ್ಮುಕ್ತರು. ಓದದೆ ಒತ್ತಿದವರಿಗೂ ಮೋಕ್ಷವುಂಟು: ಅದೇ ಕೊಟೇಷನ್ನಿನ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳಿಸಿ, ಫೋನ್ ಮಾಡಿ ‘ಮೇಲ್ ಮಾಡೀನಿ, ನೋಡ್ರಿ’ ಎಂದರೆ ಸೊಲ್ಲಾಪುರದವರು ‘ಬಂದದ ರೀ’ ಎನ್ನುತ್ತಾರೆ. ಅವರೂ ಮೇಲ್ ತೆರೆದಿರುವುದಿಲ್ಲ.