ಪಾಲಿಶ್ ಇಲ್ಲದ ರಾಯರು

ಇವರು ಮೈಸೂರಿನ ಯಾವ ಬಡಾವಣೆಯಲ್ಲಾದರೂ ಸಿಗುತ್ತಾರೆ. ಕುವೆಂಪುನಗರದಲ್ಲಿದ್ದರೆ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಸರಸ್ವತಿಪುರಂನಲ್ಲಿದ್ದರೆ ನಿವೃತ್ತ ಪ್ರೊಫೆಸರ್, ವಿಜಯನಗರದಲ್ಲಿದ್ದರೆ ನಿವೃತ್ತ ಇಂಜಿನಿಯರ್. ಅನುಕೂಲಕ್ಕೆ ರಾಯರು ಅನ್ನೋಣ, ಬ್ಯಾಂಕಿನವರು ಅಂತಲೇ ಇಟ್ಟುಕೊಳ್ಳೋಣ. ಬೆಳಗ್ಗೆ ಆರಕ್ಕೆಲ್ಲ ಮಫ್ಲರ್ ಸುತ್ತಿಕೊಂಡು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಿರಬಿರನೆ ಬರುತ್ತಿರುತ್ತಾರೆ. ಎದುರು ಸಿಕ್ಕವರನ್ನು ‘ಚೆನ್ನಾಗಿದ್ದೀರಾ?’ ಅಂತ ಕೇಳುವ ಪದ್ಧತಿ ಇವರಲ್ಲಿಲ್ಲ. ‘ಮನೇಲಿ ಯಾವ ಅಕ್ಕಿ?’ ಅಂತ ಕೇಳುತ್ತಾರೆ. ನೀವು ಏನೂ ಅರಿಯದೆ ‘ಸೋನಾ ಮಸೂರಿ’ ಅಂದಿರೋ, ಮುಂದಿನ ಪ್ರಶ್ನೆ ‘ಪಾಲಿಶ್ ಮಾಡಿದ್ದೋ?’ ಹೌದು ಅಂದರೆ ಅವತ್ತಿನ ವಾಕಿಂಗ್ ಇಬ್ಬರದೂ ಅಲ್ಲಿಗೆ ಮುಗಿಯಿತು.

ರಾಯರೇನೂ ಒಂದೇ ಏಟಿಗೆ ಕಂದು ಅಕ್ಕಿಗೆ ಬಂದವರಲ್ಲ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆ ಮೊದಲು ಮೆಂತ್ಯದ ನೀರು ಬಂತು. ಅದರ ಹಿಂದೆ ಓಟ್ಸ್. ಆಮೇಲೆ ಸಿರಿಧಾನ್ಯ. ಸಿರಿಧಾನ್ಯವನ್ನು ಮನೆಮನೆಗೆ ಮುಟ್ಟಿಸಿದ ಖಾದರ್ ವಲಿಯವರು ನಮ್ಮ ಮೈಸೂರಿನವರೇ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು, ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ್ದೂ ಅದೇ ವರ್ಷವನ್ನು. ಊರಿಗೆ ಊರೇ ನವಣೆ, ಸಾಮೆ, ಊದಲು, ಕೊರಲೆ ಅಂತ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿರುವಾಗ ರಾಯರು ಹಿಂದೆ ಬೀಳುವುದುಂಟೆ? ಆದರೆ ಅರವತ್ತು ವರ್ಷ ಅನ್ನದ ಗುಡ್ಡೆಗೆ ಗುಣಿ ತೋಡಿ ಸಾರು ಹುಯ್ಯಿಸಿಕೊಂಡ ಕೈ ಅದು. ನವಣೆಯಲ್ಲಿ ಗುಣಿ ನಿಲ್ಲಲಿಲ್ಲ. ‘ಮಿಲೆಟ್ ವರ್ಷ ಮುಗೀತು’ ಅಂತ ಘೋಷಿಸಿ ರಾಯರು ಜನವರಿಯಲ್ಲಿ ಅನ್ನಕ್ಕೆ ಮರಳಿದರು. ಸುಮ್ಮನೆ ಮರಳಿದರೆ ಸೋತ ಹಾಗಾಗುತ್ತದಲ್ಲ, ಅದಕ್ಕೇ ಪಾಲಿಶ್ ಇಲ್ಲದ ಅಕ್ಕಿಯೊಂದಿಗೆ ಮರಳಿದರು.

ಅಲ್ಲಿಂದ ಸಂತೆಪೇಟೆಯ ಅಕ್ಕಿ ಅಂಗಡಿಯವರಿಗೆ ಶನಿಕಾಟ ಶುರು.

‘ಪಾಲಿಶ್ ಆಗಿಲ್ಲ ತಾನೆ?’

‘ಬರೀ ಸಿಂಗಲ್ ಪಾಲಿಶ್ ಸಾರ್.’

‘ಸಿಂಗಲ್ ಅಂದ್ರೂ ಪಾಲಿಶ್ಶೇ ಅಲ್ವೇನಯ್ಯಾ?’

ಅಂಗೈ ಮೇಲೆ ಒಂದು ಚಿಟಿಕೆ ಅಕ್ಕಿ ಹಾಕಿಕೊಂಡು, ಕನ್ನಡಕ ಹಣೆಗೇರಿಸಿ, ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿಯುತ್ತಾರೆ. ಇದರಲ್ಲಿ ಮಾತ್ರ ರಾಯರನ್ನು ನಗಾಡುವಂತಿಲ್ಲ, ಅವರ ಪರೀಕ್ಷೆ ಸರಿಯಾದದ್ದೇ. ಹೊಟ್ಟು ಮಾತ್ರ ತೆಗೆದ ಕಾಳಿನ ಒಂದು ತುದಿಯಲ್ಲಿ ಮೊಳಕೆಯ ಚುಕ್ಕೆ ಹಾಗೇ ಕೂತಿರುತ್ತದೆ. ಆ ಜಾಗದಲ್ಲಿ ಯಾರೋ ಕಚ್ಚಿದಂತೆ ಗುಳಿ ಬಿದ್ದಿದ್ದರೆ ಗಿರಣಿಯವನು ತನ್ನ ಕೆಲಸ ಮುಗಿಸಿ ತೌಡನ್ನು ಬೇರೆ ಕಡೆ ಮಾರಿಕೊಂಡಿದ್ದಾನೆ ಅಂತ ಅರ್ಥ. ಕೆಂಪಕ್ಕಿಯ ಕೆಂಪೂ ಆ ಮೇಲಿನ ಪದರದ್ದೇ. ಪೂರ್ತಿ ಉಜ್ಜಿದರೆ ಒಳಗಿರುವುದು ಎಲ್ಲರ ಮನೆಯ ಬಿಳಿ ಅಕ್ಕಿ. ಅಂಗಡಿಯವನಿಗೂ ಈಗ ರಾಯರ ನಾಡಿ ಸಿಕ್ಕಿದೆ. ‘ರಾಜಮುಡಿ ಸಾರ್, ಮಹಾರಾಜರು ಊಟ ಮಾಡ್ತಿದ್ದ ಅಕ್ಕಿ’ ಅನ್ನುತ್ತಾನೆ. ಬ್ಯಾಂಕಿನಲ್ಲಿದ್ದಾಗ ಅರ್ಧ ಪರ್ಸೆಂಟ್ ಬಡ್ಡಿಗೆ ಪ್ರಾಣ ಬಿಡುತ್ತಿದ್ದ ರಾಯರು ಚೌಕಾಸಿ ಮಾಡದೆ ಹಣ ಎಣಿಸುತ್ತಾರೆ. ಮಹಾರಾಜರು ಅದನ್ನು ಪಾಲಿಶ್ ಮಾಡಿಸಿ ಉಂಡರೋ ಹಾಗೇ ಉಂಡರೋ ಎಂದು ಇದುವರೆಗೆ ಇಬ್ಬರೂ ಕೇಳಿಕೊಂಡಿಲ್ಲ. ಒಮ್ಮೆ ಬನ್ನೂರು ದಾಟಿ ಕಿರುಗಾವಲಿಗೂ ಹೋಗಿಬಂದರು. ಅಲ್ಲಿ ಸೈಯದ್ ಗನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಬಿತ್ತಿ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ತಳಿಗಳನ್ನೆಲ್ಲ ನೋಡಿ ಬಂದ ರಾಯರು ವಾರವಿಡೀ ಗದ್ಗದರಾಗಿದ್ದರು. ಮನೆಯವರು ಕಂಗಾಲಾಗಿದ್ದರು, ಅಷ್ಟೂ ತಳಿ ಅಡುಗೆಮನೆಗೆ ಬಂದರೆ ಡಬ್ಬಿ ಎಲ್ಲಿಂದ ತರುವುದು ಅಂತ.

ಅಕ್ಕಿ ತಂದಮೇಲೆ ಬೇಯಿಸಬೇಕು. ಸಂಕಟ ಇರುವುದೇ ಇಲ್ಲಿ.

ನಲವತ್ತು ವರ್ಷ ಆ ಮನೆಯಲ್ಲಿ ಅನ್ನವಾಗುತ್ತಿದ್ದದ್ದು ಬೆರಳ ಗೆಣ್ಣಿನ ಅಳತೆಯಲ್ಲಿ. ರಾಯರು ಬಂದು ಲೆಡ್ಜರ್ ತೆರೆದರು. ನಿಜವಾದ ಲೆಡ್ಜರ್, ಕೆಂಪು ಬೆನ್ನಿನದು. ತಳಿ, ನೆನೆಸಿದ ಹೊತ್ತು, ನೀರು, ವಿಶಲ್, ಷರಾ ಅಂತ ಐದು ಕಾಲಂ. ನೆನೆಸಿದ ಹೊತ್ತಿನ ಕಾಲಮ್ಮಿನಲ್ಲಿ ಹೆಚ್ಚು ದಿನ ಒಂದು ಅಡ್ಡಗೆರೆ, ಯಾಕೆಂದರೆ ಹಿಂದಿನ ರಾತ್ರಿ ಅಕ್ಕಿ ನೆನೆಹಾಕುವುದು ರಾಯರಿಗೆ ನೆನಪಾಗುತ್ತಿದ್ದದ್ದು ಮಾರನೆಯ ಮಧ್ಯಾಹ್ನ ಹಸಿವಾದಾಗ. ಷರಾ ಕಾಲಂ ತುಂಬುವ ಅಧಿಕಾರವನ್ನು ಮಾತ್ರ ಹೆಂಡತಿಗೆ ಬಿಟ್ಟುಕೊಟ್ಟಿದ್ದರು. ಆಕೆ ಮಿತಭಾಷಿ. ‘ಜಲ್ಲಿ’ ಅಂತ ಒಂದು ದಿನ. ‘ಮೇಲೆ ಗಂಜಿ, ಒಳಗೆ ಜಲ್ಲಿ’ ಅಂತ ಇನ್ನೊಂದು ದಿನ. ‘ಕುಕ್ಕರ್ ತಳ ಹೋಯ್ತು’ ಅಂತ ಮತ್ತೊಂದು ದಿನ. ಮೊಮ್ಮಗ ದಸರಾ ರಜೆಗೆ ಬಂದಾಗ ಆ ಪುಟದಲ್ಲಿ ‘ಅಜ್ಜಿ, ಪಿಜ್ಜಾ’ ಅಂತ ಬರೆದಿದ್ದಾನೆ.

ಮಧ್ಯಾಹ್ನ ಹನ್ನೆರಡರ ಮೇಲೆ ಆ ಬೀದಿಯಲ್ಲಿ ನಡೆದುಹೋದರೆ ರಾಯರ ಕುಕ್ಕರ್ ಕೂಗುವುದು ಕೇಳುತ್ತದೆ. ಮೂರನೇ ಕೂಗಿಗೆ ಬೇರೆ ಮನೆಗಳ ಒಲೆ ಆರುತ್ತವೆ, ರಾಯರದು ನಿಲ್ಲುವುದಿಲ್ಲ. ಉರಿ ಜೋರಾಗಿಟ್ಟು ಕೂಗು ಎಣಿಸುತ್ತಾ ನಿಂತಿರುತ್ತಾರೆ. ಹತ್ತಾದ ಮೇಲೆ ತಾಳ್ಮೆ ಕೆಟ್ಟು, ವೆಯ್ಟನ್ನು ಸೌಟಿನಿಂದ ಎತ್ತಿ ಬುಸ್ಸೆನಿಸಿ, ಮುಚ್ಚಳ ತೆಗೆದು ಒಂದು ಅಗುಳು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಮತ್ತೆ ಮುಚ್ಚಿ ಇಡುತ್ತಾರೆ. ಊಟಕ್ಕೆ ಕೂತಾಗ ‘ಒಂದು ತುತ್ತಿಗೆ ಮೂವತ್ತೆರಡು ಸಲ ಅಗೀಬೇಕು’ ಅಂತ ಉಪದೇಶ. ‘ಮೂವತ್ತೆರಡು ಸಲ ಅಗಿಯೋಕೆ ಮೂವತ್ತೆರಡು ಹಲ್ಲಾದ್ರೂ ಬೇಡ್ವೇನ್ರೀ’ ಅನ್ನುತ್ತಾರೆ ಹೆಂಡತಿ. ರಾಯರಿಗೆ ಇರುವುದು ಮೇಲಿನ ಸೆಟ್ಟು ಮಾತ್ರ, ಅದೂ ಕಟ್ಟಿಸಿದ್ದು.

ಮದುವೆಮನೆಯಲ್ಲಿ ಇವರ ಪಕ್ಕದ ಎಲೆ ಸಿಕ್ಕಿದವರ ಪಾಡು ಬೇರೆ. ಪಾಯಸ ಬರುವ ಹೊತ್ತಿಗೆ ರಾಯರು ಜಾವಾ ದ್ವೀಪ ತಲುಪಿರುತ್ತಾರೆ. 1890ರ ಆಸುಪಾಸು, ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗಕ್ಕೆ ಕಾರಣ ಹುಡುಕುತ್ತಿದ್ದ. ಸಾಕಿದ್ದ ಕೋಳಿಗಳು ಕಾಲಲ್ಲಿ ಬಲವಿಲ್ಲದೆ ಮುಗ್ಗರಿಸತೊಡಗಿದವು, ಇದ್ದಕ್ಕಿದ್ದಂತೆ ಒಂದು ದಿನ ತಾವಾಗಿಯೇ ಸುಧಾರಿಸಿದವು. ವಿಚಾರಿಸಿದರೆ ಗೊತ್ತಾಯಿತು, ಅಷ್ಟು ದಿನ ಅವಕ್ಕೆ ಹಾಕುತ್ತಿದ್ದದ್ದು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ. ಹೊಸದಾಗಿ ಬಂದ ಅಡುಗೆಯವನು ‘ಮಿಲಿಟರಿ ಅನ್ನ ಸಿವಿಲ್ ಕೋಳಿಗಳಿಗೆ ಕೊಡೋದಿಲ್ಲ’ ಅಂತ ನಿಲ್ಲಿಸಿಬಿಟ್ಟಿದ್ದ. ಪಾಲಿಶ್ ಆಗದ ಅಕ್ಕಿ ಹಾಕಿದ್ದೇ ತಡ, ಕೋಳಿ ಎದ್ದು ನಿಂತವು. ತೌಡಿನಲ್ಲಿರುವ ಬಿ1 ಜೀವಸತ್ವದ ಸುಳಿವು ಸಿಕ್ಕಿದ್ದು ಹೀಗೆ. 1929ರಲ್ಲಿ ಐಕ್ಮನ್‌ಗೆ ನೊಬೆಲ್. ಬಾಳೆಎಲೆಯ ಮುಂದೆ ಕೂತು ಇಷ್ಟೊಂದು ಕೋಳಿ ವಿಚಾರ ಕೇಳಿದ ವೈದಿಕರು ಆಪೋಶನ ಬಿಟ್ಟು ಎದ್ದದ್ದೂ ಉಂಟು.

ಕಥೆ ಮುಗಿದಾಗ ಹೆಂಗಸರ ಪಂಕ್ತಿಯಿಂದ ರಾಯರ ಹೆಂಡತಿಯ ದನಿ ಬರುತ್ತದೆ: ‘ಆ ಅಡುಗೆಯವನ ಹೆಸರೇನಂತೆ?’ ರಾಯರಿಗೆ ಗೊತ್ತಿರುವುದಿಲ್ಲ. ‘ಗೊತ್ತಿತ್ತು ಬಿಡಿ’ ಅಂತ ಆಕೆ ಮಜ್ಜಿಗೆಗೆ ಕೈಯೊಡ್ಡುತ್ತಾರೆ.

ಎದುರುಮನೆಯಲ್ಲಿ ಪುತ್ತೂರಿನ ಕಡೆಯವರು ಬಾಡಿಗೆಗೆ ಇದ್ದಾರೆ. ಕುಕ್ಕರ್ ಕೂಗು ಕೇಳಿ ಕೇಳಿ ಸಾಕಾಗಿ ಆ ಮನೆಯಾಕೆ ಒಂದು ದಿನ ಗೇಟಿನ ಹತ್ತಿರ ಬಂದು ‘ನಮ್ಮಲ್ಲಿ ಕುಚ್ಚಲಕ್ಕಿಗೆ ನೀರು ಅಳತೆ ಮಾಡ್ಲಿಕ್ಕೇ ಇಲ್ಲ ಮಾರಾಯ್ರೆ. ತುಂಬ ನೀರಿಡುದು, ಬೇಯಿಸುದು, ಬಸಿಯುದು’ ಅಂದರು. ಅಷ್ಟು ಸಾಕಾಗಿತ್ತು, ರಾಯರು ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಷಯಕ್ಕೆ ಜಿಗಿದರು. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಇರುವ ಆ ಸಂಸ್ಥೆಯ ಬಗ್ಗೆ ಮೈಸೂರಿನವರಿಗೆಲ್ಲ ಹೆಮ್ಮೆ, ರಾಯರಿಗೆ ತಮ್ಮ ಪಿತ್ರಾರ್ಜಿತ ಆಸ್ತಿ ಎಂಬ ಭಾವ. ಕುಚ್ಚಲಕ್ಕಿ ಅಂದರೆ ಭತ್ತವನ್ನೇ ಕುದಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡಿದ್ದು. ಹಾಗೆ ಕುದಿಸಿದಾಗ ತೌಡಿನ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಹಿಂದೆ ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ ಭತ್ತ ನಾರುತ್ತಿತ್ತು. ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಮೂರ್ನಾಲ್ಕು ಗಂಟೆ ನೆನೆಸಿದರೆ ಸಾಕು ಅಂತ ವಿಧಾನ ಕಂಡುಹಿಡಿದವರು ನಮ್ಮೂರಿನ ಈ ಸಂಸ್ಥೆಯವರು. ಆದ್ದರಿಂದ ನಿಮ್ಮ ಕುಚ್ಚಲಕ್ಕಿ ಬೇರೆ, ನಮ್ಮ ಬ್ರೌನ್ ರೈಸ್ ಬೇರೆ. ಎಲ್ಲ ನಿಜವೇ. ಪುತ್ತೂರಿನಾಕೆ ತಾಳ್ಮೆಯಿಂದ ಕೇಳಿ, ‘ಹೌದಾ? ಆದ್ರೂ ಬಸಿದ್ರೆ ಆಗ್ತದೆ’ ಅಂದು ಹೋದರು.

ಆಗುತ್ತದೆ. ರಾಯರು ಬೆಂಗಳೂರಿಗೆ ಮಗಳ ಮನೆಗೆ ಹೋದ ದಿನ ಹೆಂಡತಿ ಲೆಡ್ಜರ್ ಮುಚ್ಚಿಟ್ಟು ಅನ್ನ ಮಾಡಿದರು. ಅದು ಬಲು ಸರಳ. ಹಿಂದಿನ ರಾತ್ರಿಯೇ ಒಂದು ಪಾವು ಅಕ್ಕಿಯನ್ನು ಎರಡು ಸಲ ತೊಳೆದು ನೆನೆಹಾಕಿದರು. ಈ ಅಕ್ಕಿಯ ತೌಡಿನ ಪದರ ಎಣ್ಣೆ ಹಚ್ಚಿದ ರೇನ್‌ಕೋಟ್ ಇದ್ದ ಹಾಗೆ, ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಬೆಂಕಿ ಎಷ್ಟು ಹಾಕಿದರೂ ನೆನೆಯುವ ಹೊತ್ತಿಗೆ ಅದು ಬದಲಿಯಾಗುವುದಿಲ್ಲ. ಬೇಸಿಗೆಯಾದ್ದರಿಂದ ನೀರು ಹುಳಿಯದಂತೆ ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟಿದ್ದರು. ಬೆಳಗ್ಗೆ ಆ ನೀರು ಚೆಲ್ಲಿ, ದೊಡ್ಡ ಪಾತ್ರೆಯಲ್ಲಿ ಆರೇಳು ಪಾವು ನೀರು ಮರಳಿಸಿ, ಅಕ್ಕಿ ಹಾಕಿ ಚಿಟಿಕೆ ಉಪ್ಪು ಉದುರಿಸಿ, ಅರ್ಧ ಮುಚ್ಚಿಟ್ಟು ಅರ್ಧ ಗಂಟೆ ಬೇಯಿಸಿದರು. ಅಗುಳು ಹಿಸುಕಿ ನೋಡಿದರು. ನಡುವೆ ಗಟ್ಟಿ ಉಳಿದಿಲ್ಲ ಅಂತ ಕಂಡಾಗ ಬಸಿದು, ಅದೇ ಪಾತ್ರೆಯಲ್ಲಿ ಮುಚ್ಚಿ ಹತ್ತು ನಿಮಿಷ ಬಿಟ್ಟರು. ಬಸಿದ ಗಂಜಿಗೆ ಮಜ್ಜಿಗೆ, ಉಪ್ಪು ಹಾಕಿ ಎದುರುಮನೆಗೂ ಒಂದು ಲೋಟ ಹೋಯಿತು. ಕುಕ್ಕರೇ ಬೇಕು ಅನ್ನುವ ದಿನ ಇಷ್ಟೇ ನೆನೆದ ಅಕ್ಕಿಗೆ ಒಂದಕ್ಕೆರಡು ನೀರು. ಒಂದು ಕೂಗಾದ ಮೇಲೆ ಸಣ್ಣ ಉರಿಯಲ್ಲಿ ಕಾಲು ಗಂಟೆ, ಆಮೇಲೆ ವೆಯ್ಟ್ ತಾನಾಗಿ ಇಳಿಯುವವರೆಗೆ ಯಾರೂ, ಮುಖ್ಯವಾಗಿ ರಾಯರು, ಮುಟ್ಟಕೂಡದು.

ಆ ಅನ್ನ ಬಸ್ಸಾರಿಗೂ ಹುರುಳಿಕಟ್ಟಿನ ಸಾರಿಗೂ ಸೊಗಸಾಗಿ ಒಪ್ಪುತ್ತದೆ. ಅಗಿದರೆ ಸಣ್ಣಗೆ ಕಡಲೆಯಂಥ ಘಮವಿದೆ. ಬಿಸಿಬೇಳೆಭಾತಿಗೆ ಒದಗುವುದಿಲ್ಲ, ಬೇಳೆಯ ಜೊತೆ ಸೇರುವುದಿಲ್ಲ. ಮೊಸರನ್ನಕ್ಕಂತೂ ಬೇಡವೇ ಬೇಡ, ಎಷ್ಟು ಹಿಸುಕಿದರೂ ಅಗುಳು ಅಗುಳಾಗೇ ಉಳಿಯುತ್ತದೆ. ಇದನ್ನು ಒಪ್ಪದ ರಾಯರು ಮೊಸರು ಕಲಸಿ, ಒಗ್ಗರಣೆ ಹಾಕಿ, ಪಾರ್ಕಿನ ಗೆಳೆಯರಿಗೆಲ್ಲ ಹಂಚಿದರು. ಆಮೇಲೆ ಒಂದು ತಿಂಗಳು ಆ ಗೆಳೆಯರು ಬೇರೆ ಪಾರ್ಕಿಗೆ ಹೋಗುತ್ತಿದ್ದರು.

ಇನ್ನೊಂದು ತೊಂದರೆ ರಾಯರ ಉತ್ಸಾಹದ್ದು. ಮಾಡಿದರೆ ದೊಡ್ಡದು ಅಂತ ಒಂದೇ ಸಲಕ್ಕೆ ಇಪ್ಪತ್ತೈದು ಕೆಜಿ ಮೂಟೆ ತಂದಿಟ್ಟರು. ತೌಡಿನಲ್ಲಿ ಎಣ್ಣೆಯಿದೆ, ಇಟ್ಟಷ್ಟೂ ಕಮಟು ಹಿಡಿಯುತ್ತದೆ. ಹುಳುವಿಗೂ ಇದೇ ಅಕ್ಕಿ ಇಷ್ಟ. ಪೌಷ್ಟಿಕ ಯಾವುದು ಅಂತ ಅದಕ್ಕೆ ಯಾರೂ ಭಾಷಣ ಮಾಡಬೇಕಾಗಿಲ್ಲ. ಹಾಗಾಗಿ ಎರಡು ಮೂರು ತಿಂಗಳಿಗಾಗುವಷ್ಟು ಮಾತ್ರ ತಂದು, ಗಾಳಿಯಾಡದ ಡಬ್ಬಿಯಲ್ಲಿ ತಣ್ಣಗಿನ ಜಾಗದಲ್ಲಿಡುವುದು ಜಾಣತನ. ರಾಯರ ಮೂಟೆಯ ಕೊನೆಯ ಪಾಲನ್ನು ಹಾಲು ಕೊಡುವವನು ಹಸುವಿಗೆ ಅಂತ ಹೊತ್ತುಕೊಂಡು ಹೋದ. ತೌಡು ಕಡೆಗೂ ಸೇರಬೇಕಾದಲ್ಲಿ ಸೇರಿತು.

ಶುಗರ್ ಏನಾಯಿತು? ಮೂರು ತಿಂಗಳ ರಿಪೋರ್ಟು ನೋಡಿ ಡಾಕ್ಟರು ಊಟದ ಕ್ರಮ ಕೇಳಿದರು. ರಾಯರು ಎದೆಯುಬ್ಬಿಸಿ ಹೇಳಿದರು: ‘ಬ್ರೌನ್ ರೈಸ್ ಡಾಕ್ಟ್ರೇ, ಒಳ್ಳೇದು ಅಂತ ಮೂರು ಸಲ ಬಡಿಸ್ಕೊತೀನಿ.’ ಡಾಕ್ಟರು ಪೆನ್ನು ಕೆಳಗಿಟ್ಟರು. ನಾರಿನಂಶ ಜಾಸ್ತಿ, ಜೀವಸತ್ವ ಜಾಸ್ತಿ, ಎಲ್ಲ ಸರಿ; ಆದರೆ ಪಿಷ್ಟದ ಲೆಕ್ಕದಲ್ಲಿ ಎರಡು ಅಕ್ಕಿಗೂ ಅಂಥ ದೊಡ್ಡ ಅಂತರವಿಲ್ಲ. ‘ಅಕ್ಕಿ ಬದಲಾಯಿಸಿದ್ದು ಒಳ್ಳೇದಾಯ್ತು ಸಾರ್, ಈಗ ಸೌಟು ಬದಲಾಯಿಸಿ’ ಅಂದರು. ಆಸ್ಪತ್ರೆಯಿಂದ ಬರುವಾಗ ದೇವರಾಜ ಮಾರುಕಟ್ಟೆಯ ಹತ್ತಿರ ಆಟೋ ನಿಲ್ಲಿಸಿ ರಾಯರು ಕಾಲು ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡರು, ಮನಸ್ಸಿಗೆ ಸ್ವಲ್ಪ ಸಮಾಧಾನ ಬೇಕಲ್ಲ.

ರಾಯರು ನಿಮ್ಮನ್ನು ಊಟಕ್ಕೆ ಕರೆದರೆ ಧೈರ್ಯವಾಗಿ ಹೋಗಿ, ಅನ್ನ ಈಗ ಆ ಮನೆಯಲ್ಲಿ ಚೆನ್ನಾಗಿರುತ್ತದೆ. ಬರುವ ವಿಷಯವನ್ನು ಮಾತ್ರ ಹಿಂದಿನ ರಾತ್ರಿಯೇ ಫೋನ್ ಮಾಡಿ ತಿಳಿಸಿ, ಅದೂ ರಾಯರಿಗಲ್ಲ, ಅವರ ಮನೆಯವರಿಗೆ. ಅಕ್ಕಿ ನೆನೆಯಬೇಕು.